ಕೊಳೆಯಾಗದ ಅಂಗಿ

ಬಸವೇಶ್ವರನಗರದ ಒಂದು ಅಡ್ಡರಸ್ತೆಯ ಮೂಲೆ. ಅಲ್ಲೊಂದು ಹೊಂಗೆಮರ, ಮರದ ಕೆಳಗೆ ಅಂಜಮ್ಮನ ಇಸ್ತ್ರಿ ಗಾಡಿ. ಅಂಜಮ್ಮನಿಗೆ ಓದು ಬರಹ ಬರುವುದಿಲ್ಲ. ಬರುವುದಿಲ್ಲವೆಂದು ಅವಳೇ ಹೇಳಿಕೊಳ್ಳುತ್ತಾಳೆ, ಸ್ವಲ್ಪ ಜಂಬದಿಂದಲೇ. ಆದರೆ ಯಾವ ಮನೆಯ ಗಂಟು ಬಿಚ್ಚಿದರೂ ಆ ಮನೆಯ ಜಾತಕ ಅವಳಿಗೆ ತಿಳಿದುಹೋಗುತ್ತದೆ. ಎಷ್ಟು ಒಗೆದರೂ ಹೋಗದ ಕಾಲರಿನ ಗೆರೆ, ಸೊಂಟದ ಹತ್ತಿರ ಹಿಡಿದು ಹೊಲಿಸಿದ ಪ್ಯಾಂಟು, ವಾರಕ್ಕೆ ಮೂರು ಬರುತ್ತಿದ್ದ ಸೀರೆ ತಿಂಗಳಿಗೊಂದಾಗಿದ್ದು, ಎಲ್ಲವೂ ಅವಳ ಕೈಗೆ ಗೊತ್ತು. ಯಾರಿಗೆ ಬಡ್ತಿ ಸಿಕ್ಕಿತು, ಯಾರಿಗೆ ಸಕ್ಕರೆ ಕಾಯಿಲೆ ಹತ್ತಿತು, ಯಾರ ಮಗಳು ತವರಿಗೆ ಬಂದು ಕೂತಿದ್ದಾಳೆ ಎಂಬುದು ಪಕ್ಕದ ಮನೆಯವರಿಗಿಂತ ಒಂದು ವಾರ ಮೊದಲೇ ಅಂಜಮ್ಮನಿಗೆ ತಿಳಿದಿರುತ್ತದೆ. ತಿಳಿದರೂ ಅವಳು ತುಟಿ ಪಿಟಕ್ಕೆನ್ನುವವಳಲ್ಲ.

ಅದಕ್ಕೆ ಕಾರಣ ಅವಳ ಅತ್ತೆ ಚಿಕ್ಕಲಕ್ಷ್ಮಮ್ಮ. ಅಂಜಮ್ಮ ಕುಣಿಗಲ್ ಕಡೆಯಿಂದ ಕಾಮಾಕ್ಷಿಪಾಳ್ಯಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಇಸ್ತ್ರಿ ಪೆಟ್ಟಿಗೆ ಹಿಡಿಯುವುದನ್ನು ಕಲಿಸುವ ಮೊದಲು ಅತ್ತೆ ಕಲಿಸಿದ್ದು ಬಾಯಿ ಮುಚ್ಚಿಕೊಳ್ಳುವುದನ್ನು. "ಬಟ್ಟೆ ಹೇಳಿದ್ದನ್ನ ಬಾಯಿ ಹೇಳಬಾರದು ಕಣೇ" ಎನ್ನುತ್ತಿತ್ತು ಮುದುಕಿ. ಅದು ಪೆಟ್ಟು ತಿಂದು ಕಲಿತ ಪಾಠ. ಯಾವುದೋ ಕಾಲದಲ್ಲಿ ಒಬ್ಬ ಮನೆಯೊಡತಿಗೆ, "ಯಜಮಾನ್ರ ಅಂಗಿ ಮೇಲೆ ತುಟಿಬಣ್ಣ ಇತ್ತಮ್ಮ, ನಾನೇ ಉಜ್ಜಿ ತೆಗೆದೆ" ಎಂದು ಹೇಳಿಬಿಟ್ಟಿತ್ತು. ಉಪಕಾರ ಮಾಡಿದೆ ಎಂದೇ ಅದರ ಲೆಕ್ಕ. ಆ ಮನೆಯಲ್ಲಿ ರಂಪ ರಾಮಾಯಣವಾಗಿ, ಆಮೇಲೆ ಆರು ತಿಂಗಳು ಆ ರಸ್ತೆಗೆ ರಸ್ತೆಯೇ ಇವರಿಗೆ ಬಟ್ಟೆ ಕೊಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸೊಸೆಗೆ ದಿನಕ್ಕೆ ಮೂರು ಹೊತ್ತು ಉರು ಹೊಡೆಸಿ ಮುದುಕಿ ತೀರಿಕೊಂಡಿತು. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆ ಎಂಬುದನ್ನು ಮಾತ್ರ ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಿಹೋಗಲಿಲ್ಲ. ಅದನ್ನು ಅಂಜಮ್ಮ ತಾನೇ ಕಲಿಯಬೇಕಾಯಿತು.

ಎರಡು ವರ್ಷದ ಹಿಂದಿನ ಮಾತು. ಎದುರು ಸಾಲಿನ ಮಹಡಿ ಮನೆಯಲ್ಲಿ ನಾಗಭೂಷಣ್ ಎಂಬುವರಿದ್ದರು. ಐವತ್ತರ ಆಸುಪಾಸು, ಮೆತ್ತನೆಯ ಮಾತು. ರಾಜಾಜಿನಗರದ ಕಡೆ ಯಾವುದೋ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಹೆಂಡತಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಚಿತ್ರದುರ್ಗಕ್ಕೆ ಹೋಗಿದ್ದರಿಂದ ಮನೆಯಲ್ಲಿ ಇವರೊಬ್ಬರೇ. ಸೋಮವಾರ ಆರು ಅಂಗಿ ಕೊಡುವುದು, ಬುಧವಾರ ಒಯ್ಯುವುದು. ವರ್ಷಗಟ್ಟಲೆ ಇದೇ ಪದ್ಧತಿ.

ಆ ಆಷಾಢದಲ್ಲಿ ಒಂದು ಸೋಮವಾರ ಅಂಜಮ್ಮ ಅವರ ಅಂಗಿ ಹರವಿದಳು, ಕೈ ನಿಂತಿತು. ನೀರು ಕಂಡ ಬಟ್ಟೆಯಲ್ಲಿ ಹಳೆಯ ಮಡಿಕೆ ಉಳಿಯುವುದಿಲ್ಲ. ಈ ಅಂಗಿಯಲ್ಲಿ ಹೋದ ವಾರ ಅವಳೇ ಹಾಕಿದ ಮಡಿಕೆಯ ಗೆರೆ ಹಾಗೇ ಇತ್ತು. ಸೋಪಿನ ವಾಸನೆಯಿಲ್ಲ, ಇದ್ದಿಲಿನ ವಾಸನೆ ಇದೆ. ಕೈಯಲ್ಲಿ ಹಿಡಿದು ಬೇಕೆಂದೇ ಮುದುರಿದ ಸುಕ್ಕು. ಆರಕ್ಕೆ ಆರೂ ಹಾಗೇ. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ. ಆ ಮನುಷ್ಯ ಅಂಗಿಯನ್ನು ಹಾಕುತ್ತಲೇ ಇರಲಿಲ್ಲ, ಆದರೂ ಪ್ರತಿ ಸೋಮವಾರ ಇಸ್ತ್ರಿಗೆ ತರುತ್ತಿದ್ದರು.

ಅಂಜಮ್ಮ ರಾತ್ರಿ ಅದನ್ನು ಗಂಡನಿಗೆ ನಗುತ್ತಾ ಹೇಳಿದ್ದಳು. "ಹಾಕದೇ ಇರೋ ಬಟ್ಟೆಗೆ ಇಸ್ತ್ರಿ ಮಾಡಿಸ್ತಾರೆ ಕಣ್ರೀ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು." ಆ ನಗು ಈಗ ನೆನಪಾದರೆ ಅವಳಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಆಮೇಲಾಮೇಲೆ ಅವರು ಗಾಡಿಯ ಹತ್ತಿರ ಬಂದು ಸುಮ್ಮನೆ ನಿಲ್ಲತೊಡಗಿದರು. ಆಫೀಸಿನ ಹೊತ್ತಿನಲ್ಲಿ, ಹತ್ತು ಗಂಟೆಗೆ, ಹನ್ನೊಂದಕ್ಕೆ. ಕೆಂಡ ತುಂಬಿದ ಪೆಟ್ಟಿಗೆಯ ಕಡೆ ಅಂಗೈ ಚಾಚಿ, "ಇಲ್ಲಿ ಬೆಚ್ಚಗಿರುತ್ತೆ ಅಂಜಮ್ಮ" ಎನ್ನುತ್ತಿದ್ದರು. ಕೆಲಸದ ರಾಶಿ ಮುಂದಿರುವಾಗ ಯಾರಾದರೂ ಎದುರು ನಿಂತರೆ ಅಂಜಮ್ಮನಿಗೆ ಕಿರಿಕಿರಿ. "ಸ್ವಲ್ಪ ಸರೀರಿ ಸಾರ್, ಕಿಡಿ ಹಾರುತ್ತೆ" ಎಂದು ಒಂದೆರಡು ಸಲ ಸರಿಸಿದ್ದೂ ಉಂಟು. ಅವರು ಸರಿದು ನಿಲ್ಲುತ್ತಿದ್ದರು, ಹೋಗುತ್ತಿರಲಿಲ್ಲ.

ಕೊನೆಯ ಸಲ ಬಂದಾಗ ಅವರು ಒಂದು ಪ್ರಶ್ನೆ ಕೇಳಿದರು. "ಬಟ್ಟೆ ನೋಡಿದ್ರೆ ನಿಮಗೆ ಮನುಷ್ಯನ ವಿಷಯ ಎಲ್ಲಾ ಗೊತ್ತಾಗುತ್ತಂತಲ್ಲ, ಹೌದಾ?"

"ಏನೋ ಸಾರ್, ಅಲ್ಪಸ್ವಲ್ಪ."

"ನನ್ನ ಬಟ್ಟೆ ಏನು ಹೇಳುತ್ತೆ?"

ಅಂಜಮ್ಮನ ಕೈಯಲ್ಲಿ ಆಗ ಇದ್ದದ್ದು ಅವರದೇ ಅಂಗಿ. ಬೆರಳ ಕೆಳಗೆ ತನ್ನದೇ ಹಳೆಯ ಮಡಿಕೆ. ನಾಲಿಗೆಯ ತುದಿಗೆ ಮಾತು ಬಂದಿತ್ತು: ಯಾಕ್ ಸಾರ್ ಬಟ್ಟೆ ಹಾಕ್ತಾ ಇಲ್ಲ, ಏನಾಗಿದೆ? ಆದರೆ ಅತ್ತೆಯ ಪಾಠ ಗಂಟಲಲ್ಲಿ ಅಡ್ಡ ಕೂತಿತ್ತು. ದೊಡ್ಡವರ ಮನೆ ಉಸಾಬರಿ ನನಗ್ಯಾಕೆ ಎಂದುಕೊಂಡಳು. "ನಿಮ್ಮ ಬಟ್ಟೆ ಬಲು ಚೊಕ್ಕ ಸಾರ್, ಕೊಳೆಯೇ ಆಗಲ್ಲ" ಎಂದಳು.

ನಾಗಭೂಷಣ್ ನಕ್ಕರು. "ಚೊಕ್ಕ" ಎಂದು ಆ ಮಾತನ್ನು ಒಮ್ಮೆ ತಾವೂ ಹೇಳಿನೋಡಿ, ತಲೆಯಾಡಿಸಿ, ರಸ್ತೆ ದಾಟಿ ಮನೆಗೆ ಹೋದರು.

ಮೂರು ದಿನದ ಮೇಲೆ ನೆರೆಯವರು ಆ ಮನೆಯ ಬಾಗಿಲು ಒಡೆದರು; ಅವರು ಜೀವ ಕಳೆದುಕೊಂಡಿದ್ದರು. ಆಗ ರಸ್ತೆಗೆಲ್ಲ ಗೊತ್ತಾಯಿತು: ಕಾರ್ಖಾನೆಯವರು ಜೂನಿನಲ್ಲೇ ಅವರನ್ನು ಕೆಲಸದಿಂದ ಬಿಡಿಸಿದ್ದರು. ಹೆಂಡತಿಗೂ ಹೇಳಿರಲಿಲ್ಲ. ನೆರೆಹೊರೆಯವರು ಕೂಡಿದರು, ಛೇ ಛೇ ಎಂದರು, ಒಂದು ಸುಳಿವೂ ಕೊಡಲಿಲ್ಲವಲ್ಲ ಆ ಮನುಷ್ಯ ಎಂದರು. ಅಂಜಮ್ಮ ಹೊಂಗೆಮರಕ್ಕೆ ಆತುಕೊಂಡು ನಿಂತು ಆ ಮಾತು ಕೇಳಿಸಿಕೊಂಡಳು. ಎರಡು ತಿಂಗಳು ವಾರ ತಪ್ಪದೆ ಅವರು ಕೊಟ್ಟ ಸುಳಿವು ಗಾಡಿಯ ಮೇಲೆ ಇಸ್ತ್ರಿಯಾಗಿ ಮಡಿಸಿಟ್ಟ ಹಾಗೇ ಇತ್ತು, ಆರು ಅಂಗಿ.

ಅಲ್ಲಿಂದ ಶುರುವಾಯಿತು. ಕೆಂಡ ಕಾಯಿಸಿ ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಸರಿಯಾಗಿ ಎದುರಿಗೆ ಯಾರೋ ಬಂದು ನಿಂತ ಹಾಗಾಗುತ್ತದೆ. ತಲೆ ಎತ್ತಿದರೆ ಯಾರೂ ಇಲ್ಲ. ತಲೆ ತಗ್ಗಿಸಿದರೆ ಚಾಚಿದ ಎರಡು ಅಂಗೈ ಕಣ್ಣಂಚಿನಲ್ಲಿ ಕಾಣುತ್ತದೆ. ಮೊದಮೊದಲು ಹೆದರಿದಳು, ಮಾಗಡಿ ರಸ್ತೆಯ ದೇವಸ್ಥಾನದಲ್ಲಿ ಯಂತ್ರ ಕಟ್ಟಿಸಿಕೊಂಡಳು, ನಿಂಬೆಹಣ್ಣು ನಿವಾಳಿಸಿದಳು. ಯಂತ್ರಕ್ಕೆ ಬಗ್ಗುವ ಸಂಗತಿಯೇ ಅದು? ಕೊನೆಗೆ ಓಡಿಸುವ ಪ್ರಯತ್ನ ಬಿಟ್ಟಳು. ಈಗ ಯಾರೂ ಇಲ್ಲದಾಗ ತಗ್ಗಿದ ದನಿಯಲ್ಲಿ, "ನಿಂತ್ಕೊಳ್ಳಿ ಸಾರ್, ಕಿಡಿ ಹಾರಲ್ಲ" ಎನ್ನುತ್ತಾಳೆ. ಅವರು ಮಾತ್ರ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ಇದೇ ರಸ್ತೆಯ ಒಂಬತ್ತನೆಯ ಮನೆ ಹೇಮಶ್ರೀ ಮೇಡಂ ಅವರದು. ದಾವಣಗೆರೆ ಕಡೆಯ ಲಿಂಗಾಯತರು. ಗಂಡ ಚನ್ನವೀರೇಶ್ ಸರ್ಕಾರಿ ಆಫೀಸಿನಲ್ಲಿ ಅಧಿಕಾರಿ, ಅತ್ತೆ ಕಲ್ಯಾಣಮ್ಮ, ನಾಲ್ಕನೇ ಕ್ಲಾಸಿನ ಮಗಳು ಶಿವಾನಿ. ಹೇಮಶ್ರೀ ವಿಜಯನಗರದ ಹೈಸ್ಕೂಲಿನಲ್ಲಿ ಟೀಚರ್. ಗಂಜಿ ಹಾಕಿದ ಕಾಟನ್ ಸೀರೆಯೇ ಆಗಬೇಕು, ನೆರಿಗೆ ಒಂದೆಳೆ ಆಚೀಚೆಯಾದರೆ ಸೀರೆ ವಾಪಸ್. "ಅಂಜಮ್ಮ, ಇದೇನು ಸೀರೆಯಾ ಸಮೋಸಾನಾ?" ಎಂದು ರಸ್ತೆಗೆಲ್ಲ ಕೇಳುವಂತೆ ಜಗಳಕ್ಕೆ ನಿಲ್ಲುತ್ತಿದ್ದರು. ಆ ಬೈಗುಳ ಕೇಳದಿದ್ದರೆ ಅಂಜಮ್ಮನಿಗೆ ದಿನ ಹೋಗುತ್ತಿರಲಿಲ್ಲ.

ದೀಪಾವಳಿಯಾದ ಮೇಲೆ ಅವರ ಸೀರೆ ಬರುವುದು ನಿಂತಿತು. ಗಂಡನ ಅಂಗಿ ಬರುತ್ತಿತ್ತು, ಮಗಳ ಯೂನಿಫಾರ್ಮು ಬರುತ್ತಿತ್ತು, ಅತ್ತೆಯ ಸೀರೆಯೂ ಬರುತ್ತಿತ್ತು. ಅವರದು ಮಾತ್ರ ಇಲ್ಲ. ಒಮ್ಮೆ ಗೇಟಿನ ಹತ್ತಿರ ಅಂಜಮ್ಮ ಕೇಳಿದಾಗ, "ರಜೆ ಹಾಕಿದೀನಿ" ಎಂದಷ್ಟೇ ಹೇಳಿ ಒಳಗೆ ಹೋದರು. ಮನೆಯಲ್ಲಿ ಉಳಿದವರಿಗೆ ಅದು ದೊಡ್ಡ ವಿಷಯವೆನಿಸಲಿಲ್ಲ. ಯಜಮಾನರಿಗೆ ಬೆಳಿಗ್ಗೆ ಇಸ್ತ್ರಿಯಾದ ಅಂಗಿ ಕೈಗೆ ಸಿಗುತ್ತಿತ್ತು. ಮನೆ ಸರಿಯಾಗಿ ನಡೆಯುತ್ತಿದೆ ಎನ್ನಲು ಗಂಡಸರಿಗೆ ಅಷ್ಟು ಸಾಕು.

ಜನವರಿಯಲ್ಲಿ ಅಂಜಮ್ಮನ ಕೈಯಿಂದ ಒಂದು ಎಡವಟ್ಟಾಯಿತು. ಚನ್ನವೀರೇಶ್ ಅವರ ಹೊಸ ಬಿಳಿ ಅಂಗಿಯ ಬೆನ್ನು ಸುಟ್ಟಿತು, ಅಂಗೈಯಗಲ. ಇವತ್ತು ನನ್ನ ಚರ್ಮ ಸುಲಿಯುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿ ಹೇಮಶ್ರೀ ಅವರ ಮುಂದೆ ಅಂಗಿ ಹಿಡಿದಳು. ಅವರು ಸುಟ್ಟ ಗುರುತನ್ನು ಬೇರೆ ಯಾರದೋ ಮನೆಯ ಬಟ್ಟೆಯೆಂಬಂತೆ ನೋಡಿ, "ಪರವಾಗಿಲ್ಲ ಬಿಡಿ" ಎಂದರು. ನೆರಿಗೆಯ ಒಂದೆಳೆಗೆ ರಸ್ತೆ ಒಂದು ಮಾಡುತ್ತಿದ್ದ ಹೆಂಗಸು ಇದು. ಅಂಜಮ್ಮ ಗಾಡಿಗೆ ವಾಪಸು ಬಂದಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವತ್ತೆಲ್ಲ ಅಂದುಕೊಂಡಳು.

ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಹೇಮಶ್ರೀ ತಾವೇ ಒಂದು ಚೀಲ ತಂದಿಟ್ಟರು. "ಮಧ್ಯಾಹ್ನದೊಳಗೆ ಆಗ್ಬೇಕು ಅಂಜಮ್ಮ. ಇವತ್ತೇ ಬೇಕು." ತಲೆಗೆ ಸ್ನಾನ ಮಾಡಿದ್ದರು, ಮುಖ ನಿರಾಳವಾಗಿತ್ತು. ಹೋಗುವಾಗ ನಿಂತು, "ನಿಮಗೆ ಬಹಳ ಕಾಟ ಕೊಟ್ಟಿದೀನಿ ಅಲ್ವಾ, ಬೇಜಾರು ಮಾಡ್ಕೋಬೇಡಿ" ಎಂದರು. ಮುಖದಲ್ಲಿ ಕಳೆ ಬಂದಿದೆಯಲ್ಲ, ಸದ್ಯ, ಎಂದು ಅಂಜಮ್ಮ ಖುಷಿಯಾದಳು. ಚೀಲ ಬಿಚ್ಚುವವರೆಗೆ.

ಚೀಲದಲ್ಲಿದ್ದದ್ದು ಶಿವಾನಿಯ ಸ್ಕೂಲಿನ ಯೂನಿಫಾರ್ಮು. ಒಮ್ಮೆ ನೀರಿಗೆ ಹಾಕಿ ತೆಗೆದ ಹೊಸ ಬಟ್ಟೆ. ಎರಡು ಜೊತೆ ಹುಡುಗಿಗಿಂತ ಒಂದು ಗೇಣು ದೊಡ್ಡದು. ಅದರ ಕೆಳಗೆ ಇನ್ನೆರಡು ಜೊತೆ, ಇನ್ನೂ ದೊಡ್ಡದು. ತಳದಲ್ಲಿ ಮತ್ತೆರಡು, ಅದನ್ನು ಹಾಕುವ ಹೊತ್ತಿಗೆ ಶಿವಾನಿ ಅಮ್ಮನ ಭುಜದೆತ್ತರ ಬೆಳೆದಿರಬೇಕು. ಮೂರು ವರ್ಷದ ಬಟ್ಟೆ. ಮೂರು ವರ್ಷದ ಬಟ್ಟೆಯನ್ನು ಇವತ್ತು ಮಧ್ಯಾಹ್ನದೊಳಗೆ ಯಾವ ತಾಯಿಗೆ ಬೇಕಾಗುತ್ತದೆ? ಎದುರಿಗೆ ಯಾರೋ ಅಂಗೈ ಚಾಚಿ ನಿಂತಿದ್ದರು.

ಅದೇ ಹೊತ್ತಿಗೆ ಕಲ್ಯಾಣಮ್ಮ ರೇಷ್ಮೆ ಸೀರೆಯುಟ್ಟು ಬಂದು ಮರದ ನೆರಳಲ್ಲಿ ಆಟೋಗೆ ನಿಂತರು. "ಕೆಂಗೇರಿಗೆ ಹೊರಟೆ ಅಂಜಮ್ಮ, ನಮ್ಮ ತಂಗಿ ಮೊಮ್ಮಗನ ನಾಮಕರಣ. ಸಂಜೆ ಆಗುತ್ತೆ ಬರೋದು. ಹೇಮಾನೇ ಬಲವಂತ ಮಾಡಿ ಕಳಿಸಿದ್ಲು."

"ಮೇಡಂ ಬರಲಿಲ್ವಾ ಅಮ್ಮ?"

"ಇಲ್ಲ. ಆದ್ರೆ ಈಗ ಎಷ್ಟೋ ವಾಸಿ ನೋಡು. ಮೂರು ತಿಂಗಳು ಮುಖ ಊದಿಸ್ಕೊಂಡು ಕೂತಿದ್ಲು. ನಿನ್ನೆಯಿಂದ ಬೀರು ಎಲ್ಲಾ ಜೋಡಿಸಿ ಚೊಕ್ಕ ಮಾಡಿದಾಳೆ. ದೇವರು ಕಣ್ಣು ಬಿಟ್ಟ."

ಆಟೋ ಬಂತು, ಕಲ್ಯಾಣಮ್ಮ ಹತ್ತಿ ಹೋದರು. ಅವರನ್ನು ತಡೆದು ಏನು ಹೇಳಬೇಕೆಂದು ಅಂಜಮ್ಮನಿಗೆ ತಿಳಿಯಲಿಲ್ಲ. ನಿಮ್ಮ ಸೊಸೆ ಸಾಯುವ ಯೋಚನೆಯಲ್ಲಿದ್ದಾರೆ ಎಂದು ಇಸ್ತ್ರಿಯವಳು ಹೇಳಿದರೆ ಯಾವ ಅತ್ತೆ ನಂಬುತ್ತಾಳೆ? ನಂಬುವುದು ಹಾಗಿರಲಿ, ಅಪಶಕುನ ನುಡಿದಳೆಂದು ರಸ್ತೆಯಿಂದಲೇ ಓಡಿಸಿಯಾರು. ತನ್ನದು ತಪ್ಪು ಲೆಕ್ಕವಾಗಿದ್ದರೆ? ಅಂಗಡಿಯಲ್ಲಿ ರಿಯಾಯಿತಿ ಇತ್ತೆಂದು ತಂದಿದ್ದರೆ? ಹೊಟ್ಟೆಪಾಡಿನ ಗಾಡಿ, ಮೂವತ್ತು ಮನೆಯ ನಂಬಿಕೆ, ಅತ್ತೆಯ ಪಾಠ, ಎಲ್ಲ ಒಟ್ಟಿಗೆ ಅವಳ ಸೆರಗು ಹಿಡಿದು ಎಳೆದವು. ಅವಳು ಕೆಂಡ ತುಂಬಿದ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟಳು. ಮೂವತ್ತು ಮನೆಯ ಬಟ್ಟೆಯನ್ನು ಹಾದಿಬೀದಿಯಲ್ಲಿ ಬಿಟ್ಟು, ಚೀಲ ಎದೆಗವಚಿಕೊಂಡು ಒಂಬತ್ತನೆಯ ಮನೆಯ ಕಡೆ ಓಡಿದಳು.

ಬಾಗಿಲು ತೆಗೆದವರು ಹೇಮಶ್ರೀ. "ಇಷ್ಟು ಬೇಗ ಆಯ್ತಾ?"

ಇಪ್ಪತ್ತು ವರ್ಷದಲ್ಲಿ ಆ ಮನೆಯ ಹೊಸ್ತಿಲು ದಾಟದ ಅಂಜಮ್ಮ ಅವತ್ತು ಹೇಳದೆ ಕೇಳದೆ ಒಳಗೆ ಕಾಲಿಟ್ಟು, ಹಿಂದಿನಿಂದ ಬಾಗಿಲು ಹಾಕಿಕೊಂಡಳು. "ಈ ಬಟ್ಟೆ ಶಿವಾನಿಗೆ ಆಗಲ್ಲ ಮೇಡಂ."

"ಮುಂದಕ್ಕೆ ಆಗುತ್ತೆ."

"ಮುಂದಕ್ಕೆ ನೀವೇ ತಂದುಕೊಡ್ತೀರಲ್ಲ. ಈಗ್ಯಾಕೆ?"

ಹೇಮಶ್ರೀ ಕೈ ಚಾಚಿ ಚೀಲ ತೆಗೆದುಕೊಳ್ಳಲು ಬಂದರು. ಅಂಜಮ್ಮ ಕೊಡಲಿಲ್ಲ. "ಕೇಳಬಾರದ್ದು ಕೇಳ್ತಾ ಇದೀನಿ, ಬೇಕಾದ್ರೆ ಕಪಾಳಕ್ಕೆ ಹೊಡೀರಿ. ಸಾಯ್ಬೇಕು ಅಂತ ಇದೀರಾ ಮೇಡಂ?"

ಫ್ರಿಡ್ಜು ಗುರ್ರೆನ್ನುವುದು ಕೇಳುತ್ತಿತ್ತು. ಈಗ ಕೂಗಾಡುತ್ತಾರೆ, ಆಚೆಗೆ ನೂಕುತ್ತಾರೆ ಎಂದು ಅಂಜಮ್ಮ ಕಾದಳು.

"ಹೂಂ" ಎಂದರು ಹೇಮಶ್ರೀ.

ಅಷ್ಟೇ. ಹಾಲು ಬೇಕಾ ಎಂದು ಕೇಳಿದರೆ ಹೇಳುವಂಥ ಹೂಂ. ಆಮೇಲೆ ಅವರು ಗೋಡೆ ಹಿಡಿದು ನೆಲದ ಮೇಲೆ ಕೂತರು. ಅಂಜಮ್ಮ ಪಕ್ಕದಲ್ಲಿ ಕೂತಳು. ಮಗುವಿನ ಮುಖ ನೋಡಿ, ಎಂಥೆಂಥವರು ಹೇಗ್ಹೇಗೋ ಬದುಕಿದ್ದಾರೆ ನೋಡಿ, ನಿಮಗೇನು ಕಮ್ಮಿಯಾಗಿದೆ, ಎಂದು ಲೋಕ ಹೇಳುವ ಮಾತೆಲ್ಲ ಅವಳ ಬಾಯಿಗೂ ಬಂದವು. ಮಗುವಿನ ಮುಖ ನೋಡಿಯೇ ಮೂರು ವರ್ಷದ ಬಟ್ಟೆ ಹೊಲಿಸಿದವರಿಗೆ ಅದನ್ನೇನು ಹೇಳುವುದು? ನುಂಗಿಕೊಂಡಳು. "ನಾನು ಇಲ್ಲೇ ಇರ್ತೀನಿ" ಎಂದಳು.

"ಕಾರಣ ಕೇಳಿದ್ರೆ ನನಗೇ ಗೊತ್ತಿಲ್ಲ ಅಂಜಮ್ಮ. ಬೆಳಿಗ್ಗೆ ಎದ್ದರೆ ಎದೆ ಮೇಲೆ ಬಂಡೆ. ಎಲ್ಲರೂ ಚೆನ್ನಾಗಿದಾರೆ. ನಾನೊಬ್ಬಳು ಇಲ್ಲದಿದ್ರೆ ಇನ್ನೂ ಚೆನ್ನಾಗಿರ್ತಾರೆ ಅನ್ಸುತ್ತೆ."

"ಅದಕ್ಕೆ ಏನಾದ್ರೂ ತಂದಿಟ್ಕೊಂಡಿದೀರಾ? ನನ್ನ ಕೈಗೆ ಕೊಡಿ."

ಅವರು ಎದ್ದು ಹೋಗಿ ತಂದು ಕೊಟ್ಟರು. ಅದೇನೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಅಂಜಮ್ಮ ಅದನ್ನು ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಫೋನಿನಲ್ಲಿ ಯಜಮಾನರ ಹೆಸರು ಹುಡುಕಲು ಅವಳಿಗೆ ಬರದು. ಹೇಮಶ್ರೀ ಅವರಿಂದಲೇ ನಂಬರ್ ಒತ್ತಿಸಿಕೊಂಡಳು. "ಸಾರ್, ಇಸ್ತ್ರಿ ಅಂಜಮ್ಮ. ಈಗಲೇ ಮನೆಗೆ ಬನ್ನಿ." ಮೀಟಿಂಗ್‌ನಲ್ಲಿದ್ದೀನಿ, ಏನಿದ್ದರೂ ಅಮ್ಮನಿಗೆ ಹೇಳಿ ಎಂದರು ಅವರು. ಅಂಜಮ್ಮನಿಗೆ ಪಿತ್ತ ನೆತ್ತಿಗೇರಿತು. "ಸಾರ್, ನಿಮ್ಮ ಹೆಂಡ್ತಿ ಜೀವ ಕಳ್ಕೊಳ್ಳೋಕೆ ಕೂತಿದಾರೆ. ನೀವು ಬರೋವರೆಗೂ ನಾನು ಕೈ ಬಿಡಲ್ಲ. ಮೀಟಿಂಗ್ ಮುಗಿಸ್ಕೊಂಡು ಬರ್ತೀರೋ ಹಾಗೇ ಬರ್ತೀರೋ ನೋಡಿ." ಮುಕ್ಕಾಲು ಗಂಟೆಯಲ್ಲಿ ಅವರು ಬಂದರು. ಅಷ್ಟು ಹೊತ್ತೂ ಅಂಜಮ್ಮ ಹೇಮಶ್ರೀ ಅವರ ಮುಂಗೈ ಹಿಡಿದೇ ಕೂತಿದ್ದಳು. ಸಂಜೆಯೊಳಗೆ ಗಂಡ ಹೆಂಡತಿ ಮನಸ್ಸಿನ ಡಾಕ್ಟರ ಮುಂದಿದ್ದರು.

ಆಮೇಲೆ ಎಲ್ಲ ಸುಲಭವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ವಾರ ಆಸ್ಪತ್ರೆ, ಆಮೇಲೆ ಮಾತ್ರೆ, ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಮಾತು. ಕಲ್ಯಾಣಮ್ಮ ಒಂದು ತಿಂಗಳು ಅಂಜಮ್ಮನ ಕಡೆ ತಿರುಗಿ ನೋಡಲಿಲ್ಲ; ಮನೆ ಮಾತನ್ನು ಬೀದಿಯವಳು ಎತ್ತಿದಳೆಂಬ ಸಿಟ್ಟು. ಒಂದು ದಿನ ತಾವೇ ಗಂಟು ಹೊತ್ತು ತಂದು ಗಾಡಿಯ ಮೇಲಿಟ್ಟರು. "ಕಣ್ಣೆದುರಿಗೇ ಇದ್ಲು ಕಣೇ. ಬೀರು ಜೋಡಿಸ್ತಾಳೆ ಅಂತ ಹಿಗ್ಗಿದ್ನಲ್ಲ ನಾನು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೋದರು.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಹೇಮಶ್ರೀ ವಾಕಿಂಗ್ ಮುಗಿಸಿ ಬಂದು ಗಾಡಿಯ ಹತ್ತಿರ ನಿಂತರು. ತೆಳ್ಳಗಾಗಿದ್ದರು, ಆದರೆ ಕಣ್ಣು ಕಣ್ಣಿನ ಹಾಗಿತ್ತು. "ನಿಮಗೆ ಹೇಗೆ ಗೊತ್ತಾಯ್ತು ಅಂಜಮ್ಮ? ನಾನು ಕೇಳಲೇ ಇಲ್ಲ."

ಅಂಜಮ್ಮ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದಳು. ಹಾಕದ ಆರು ಅಂಗಿಯ ವಿಷಯ, ಅಂಗೈ ಚಾಚಿ ನಿಲ್ಲುತ್ತಿದ್ದ ನಾಗಭೂಷಣ್ ವಿಷಯ, ಅವರು ಕೇಳಿದ್ದು, ತಾನು ಚೊಕ್ಕ ಎಂದದ್ದು. ಹೇಳಿ ಮುಗಿಸಿ ಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎರಡು ವರ್ಷದಿಂದ ಅವಳು ಒಂದೇ ಒಂದು ಮಾತನ್ನು ನಂಬಿ ಅನ್ನ ತಿನ್ನುತ್ತಿದ್ದಳು: ಕೇಳಿದ್ದರೂ ಆ ಮನುಷ್ಯ ಹೇಳುತ್ತಿರಲಿಲ್ಲ, ದೊಡ್ಡವರು, ಓದಿದವರು, ಇಸ್ತ್ರಿಯವಳಿಗೆ ಯಾಕೆ ಹೇಳಿಯಾರು. ಈಗ ಅದನ್ನು ಬಲ್ಲವರು ಎದುರಿಗಿದ್ದರು.

"ಮೇಡಂ, ಅವತ್ತು ನಾನು ಕೇಳಿದ್ದಿದ್ರೆ, ಅವರು ಹೇಳ್ತಿದ್ರಾ?"

ಇಲ್ಲ ಎನ್ನಲಿ ಎಂದು ಅವಳು ದೇವರಿಗೆಲ್ಲ ಕೈಮುಗಿದಳು.

"ಹೂಂ ಅನ್ಬೇಕು ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಅಂಜಮ್ಮ. ನೀವು ಕೇಳಿದ್ರಿ, ಬಂದುಬಿಡ್ತು. ಯಾರಾದ್ರೂ ಒಬ್ಬರು ಕೇಳ್ಲಿ ಅಂತಾನೇ ಅಷ್ಟು ದಿನದಿಂದ ಕಾಯ್ತಾ ಇದ್ನೋ ಏನೋ." ಅವರು ಅಂಜಮ್ಮನ ತೋಳಿನ ಮೇಲೆ ಕೈಯಿಟ್ಟರು. "ನಿಮ್ಮ ಹತ್ರ ನಾನು ಸುಳ್ಳು ಹೇಳಲ್ಲ. ಅವರು ಹೇಳ್ತಿದ್ರು."

ಅಂಜಮ್ಮ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಮರದ ಬುಡದಲ್ಲಿ ಕೂತಳು. ಹೇಮಶ್ರೀ ಮನೆಗೆ ಹೋಗಲಿಲ್ಲ, ಅಲ್ಲೇ ಅವಳ ಪಕ್ಕದಲ್ಲಿ ಕೂತರು. ಕೆಂಡವೆಲ್ಲ ಬೂದಿಯಾಗುವವರೆಗೂ ಅಂಜಮ್ಮ ಏಳಲಿಲ್ಲ.